ಹಗ್ಗಕ್ಕೆ ಸೇರಿಸಿದ ಕಾಲು ಭಾಗ

ಗಾಳಿಯ ಕಾಲ ಶುರುವಾಗಿ ಎರಡು ವಾರವಾಗಿತ್ತು. ಕೊಯ್ದು ಖಾಲಿಯಾದ ಹೊಲಗಳ ಮೇಲಿಂದ ಬೀಸಿ ಬರುವ ಒಣಗಾಳಿ ಊರಂಚಿನ ಆ ಮನೆಯ ಅಂಗಳಕ್ಕೆ ಹೊಟ್ಟು, ಧೂಳು, ತರಗೆಲೆ ಎಲ್ಲವನ್ನೂ ತಂದು ಸುರಿಯುತ್ತಿತ್ತು. ಗಾಳಿಯಲ್ಲಿ ಭಾರ ಎತ್ತುವಂತಿಲ್ಲ. ಹಾಗಾಗಿ ವರ್ಷದ ಆ ದಿನಗಳಲ್ಲಿ ಮೇಸ್ತ್ರಿಯ ಮನೆಯಲ್ಲಿ ಹಗ್ಗ ನೋಡುವ ಕೆಲಸ. ಮೇಸ್ತ್ರಿ ಜಗಲಿಯ ಮೇಲೆ ಕೂತು ಹೆಬ್ಬೆರಳಿನಿಂದ ಹಗ್ಗದ ಎಳೆ ಬಿಡಿಸಿ ಒಳಗೆ ಇಣುಕುತ್ತಿದ್ದ. ಪುಡಿ ಉದುರಿದರೆ ಆ ಹಗ್ಗ ದನ ಕಟ್ಟುವುದಕ್ಕೆ. ಗಟ್ಟಿಯಿದ್ದರೆ ಮಗನ ಕೈಗೆ. ಮಗ ಅದನ್ನು ಸುತ್ತಿ ಗೋಡೆಯ ಗೂಟಕ್ಕೆ ನೇತುಹಾಕುತ್ತಿದ್ದ. ಸೊಸೆ ಒಂದೊಂದಕ್ಕೂ ಬಟ್ಟೆಯ ಚೀಟಿ ಕಟ್ಟಿ, ಅದು ಎಷ್ಟು ಭಾರ ತಡೆಯುತ್ತದೆಂದು ಬರೆಯುತ್ತಿದ್ದಳು.

ಮಿಲ್ಲುಗಳಲ್ಲಿ ಮೋಟರು, ಟ್ಯಾಂಕು, ಭಾರಿ ಯಂತ್ರಗಳನ್ನು ಎತ್ತಿ ಕೂರಿಸುವುದು ಆ ಮನೆಯ ಕಸುಬು. ಮೇಸ್ತ್ರಿ ಲೆಕ್ಕ ಹಾಕಿ ಹಗ್ಗ ಆರಿಸುತ್ತಿದ್ದ, ಮಗ ಮುಂದೆ ನಿಂತು ಎಳೆಸುತ್ತಿದ್ದ, ಸೊಸೆ ಎದುರಿಗೆ ನಿಂತು ಕೈಸನ್ನೆ ಮಾಡುತ್ತಿದ್ದಳು: ಮೇಲೆ, ನಿಲ್ಲಿಸು, ಎಡಕ್ಕೆ, ಇಳಿಸು. ಹನ್ನೊಂದು ವರ್ಷದಿಂದ ಅವಳ ಕೈ ನೋಡಿಯೇ ಆ ಗ್ಯಾಂಗಿನ ಎಂಟು ಜನ ಉಸಿರು ಬಿಡುತ್ತಿದ್ದರು, ಹಿಡಿಯುತ್ತಿದ್ದರು.

"ಇದಕ್ಕೆ ಎಷ್ಟು ಬರೀಲಿ ಮಾವ?"

"ನಾನೂರು ಕೆ.ಜಿ. ಎತ್ತುತ್ತೆ. ಮುನ್ನೂರಿಪ್ಪತ್ತು ಅಂತ ಬರಿ."

ಮೇಸ್ತ್ರಿಯ ನಿಯಮ ಅದು. ಭಾರ ಎಷ್ಟೇ ಇರಲಿ, ಅದಕ್ಕೆ ಕಾಲು ಭಾಗ ಸೇರಿಸಿಯೇ ಹಗ್ಗ ಆರಿಸಬೇಕು. ಮುನ್ನೂರಿಪ್ಪತ್ತಕ್ಕೆ ಎಂಬತ್ತು ಸೇರಿದರೆ ನಾನೂರು. "ಹಗ್ಗಕ್ಕೆ ಬಾಯಿಲ್ಲ. ಅದರ ಪರವಾಗಿ ನಾವು ಕಾಲು ಭಾಗ ಮಾತಾಡಬೇಕು" ಎಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ. ಮೂವತ್ತೆಂಟು ವರ್ಷದಲ್ಲಿ ಅವನ ಕೆಲಸದಲ್ಲಿ ಒಂದು ಹಗ್ಗವೂ ಹರಿದಿರಲಿಲ್ಲ.

ಅಂದು ಮಧ್ಯಾಹ್ನ ಮಿಲ್ಲಿನ ಆಫೀಸಿನಿಂದ ಬಂದ ಕಾಗದವನ್ನು ಮಗಳು ಓದಿ ಹೇಳಿದಳು. ಕಾಲೇಜು ಸೇರಿ ಒಂದು ವರ್ಷವಾಗಿದ್ದ ಅವಳನ್ನು ಮನೆಯವರೆಲ್ಲ ಚಿಕ್ಕವಳು ಎಂದೇ ಕರೆಯುತ್ತಿದ್ದರು. ಇನ್ನು ಮುಂದೆ ಗ್ಯಾಂಗಿನಲ್ಲಿ ಒಬ್ಬರಾದರೂ ಭಾರ ಎತ್ತುವ ಪರೀಕ್ಷೆ ಪಾಸಾಗಿರಬೇಕು. ಇಲ್ಲದಿದ್ದರೆ ಮಿಲ್ಲಿನೊಳಗೆ ಕೆಲಸವಿಲ್ಲ. ಪರೀಕ್ಷೆ ಕಟ್ಟುವವರು ಹತ್ತನೇ ತರಗತಿ ಮುಗಿಸಿರಬೇಕು, ಮೂರು ವರ್ಷ ಕೆಲಸ ಮಾಡಿರಬೇಕು.

ಮೇಸ್ತ್ರಿ ನಾಲ್ಕನೇ ತರಗತಿ. ಮಗ ಏಳು. ಗ್ಯಾಂಗಿನಲ್ಲಿ ಹತ್ತು ಮುಗಿಸಿದ್ದವಳು ಸೊಸೆಯೊಬ್ಬಳೇ. ಎಲ್ಲರ ಕಣ್ಣೂ ಸೊಸೆಯ ಮೇಲೆ ಬಿತ್ತು.

"ನಾನಾ?" ಎಂದಳು ಸೊಸೆ. "ಓದು ಬಿಟ್ಟು ಹದಿನಾಲ್ಕು ವರ್ಷ ಆಯ್ತು."

"ನಾನು ಹೇಳಿಕೊಡ್ತೀನಿ ಅತ್ತಿಗೆ" ಎಂದಳು ಚಿಕ್ಕವಳು. "ಇರೋದು ಎರಡೇ ಪತ್ರಿಕೆ. ಮೊದಲನೇದು ಬರೀ ಬಲ, ಚಲನೆ, ರಾಟೆ, ಇಳಿಜಾರು. ನೀನು ದಿನಾ ಮಾಡೋದೇ."

"ಮತ್ತೆ ಅಡುಗೆ?" ಎಂದಳು ಅತ್ತೆ.

"ಅಡುಗೇನೂ ದಿನಾ ಮಾಡೋದೇ ಅಲ್ವಾ ಅಮ್ಮ. ನೀನು ಮಾಡು."

ಮರುದಿನದಿಂದ ಮನೆಯ ಗಡಿಯಾರವೇ ಬದಲಾಯಿತು. ಸಂಜೆ ಐದರಿಂದ ಏಳರವರೆಗೆ ನಾದಿನಿ ಅತ್ತಿಗೆ ಇಬ್ಬರೂ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದರು. ಅತ್ತೆ ಒಲೆಯ ಮುಂದೆ ನಿಂತು ಗೊಣಗುತ್ತಿದ್ದಳು. ಮಗ ಈರುಳ್ಳಿ ಹೆಚ್ಚುತ್ತಿದ್ದ. ಹೆಚ್ಚಿದ್ದು ಒಂದು ಹೋಳು ಹೆಬ್ಬೆರಳು ಗಾತ್ರ, ಇನ್ನೊಂದು ಕಾಗದದಷ್ಟು ತೆಳ್ಳಗೆ. "ಮೋಟರು ಎತ್ತುವ ಕೈ ಈರುಳ್ಳಿಗೆ ಸೋತಿತು ನೋಡು" ಎಂದು ಅತ್ತೆ ನಗುತ್ತಿದ್ದಳು. ಒಂದು ದಿನ ಅನ್ನ ತಳ ಹಿಡಿಯಿತು, ಇನ್ನೊಂದು ದಿನ ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಯಾರೂ ತುಟಿಪಿಟಕ್ಕೆನ್ನದೆ ಉಂಡರು.

ಮೇಸ್ತ್ರಿ ಪಕ್ಕದ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ. ಮೊದಮೊದಲು ಅವನಿಗದು ತಮಾಷೆಯಾಗಿತ್ತು.

"ತೂಕವಿಲ್ಲದ ಹಗ್ಗವೊಂದು ಘರ್ಷಣೆಯಿಲ್ಲದ ರಾಟೆಯ ಮೇಲೆ ಹಾದುಹೋಗಿದೆ" ಎಂದು ಚಿಕ್ಕವಳು ಓದಿದಳು.

"ನಿಲ್ಲು ನಿಲ್ಲು. ತೂಕ ಇಲ್ಲದ ಹಗ್ಗ ಯಾವ ಅಂಗಡೀಲಿ ಸಿಗುತ್ತೆ ಕೇಳು. ನನ್ನ ಹೆಗಲು ಮೂವತ್ತೆಂಟು ವರ್ಷದಿಂದ ಹುಡುಕ್ತಾ ಇದೆ."

"ಹಾಗೆ ಭಾವಿಸಿ ಅಂತಾರೆ ಅಪ್ಪ."

"ಭಾವಿಸೋದಕ್ಕೆ ಅವರಪ್ಪನ ಮನೆ ಗಂಟೇನು ಹೋಗುತ್ತೆ!"

ಸೊಸೆ ನಗುತ್ತಲೇ ಬರೆಯುತ್ತಿದ್ದಳು. ಮೊದಲ ವಾರ ಅವಳ ಪೆನ್ನು ತಡವರಿಸಿತು. ಎರಡನೇ ವಾರ ಅದು ದಾರಿ ಹಿಡಿಯಿತು. ಲೆಕ್ಕ ಓದುವಾಗ ಅವಳ ಎಡಗೈ ತನ್ನಷ್ಟಕ್ಕೇ ಮೇಜಿನ ಮೇಲೆ ಸನ್ನೆ ಮಾಡುತ್ತಿತ್ತು: ಬಲ ಮೇಲಕ್ಕೆ, ಬಲ ಕೆಳಕ್ಕೆ. ಆಮೇಲೆ ಬಲಗೈ ಬಾಣದ ಗುರುತು ಹಾಕುತ್ತಿತ್ತು. "ಅತ್ತಿಗೆಗೆ ಬಾಣ ಹಾಕೋದು ಹೇಳಿಕೊಡಬೇಕಾಗೇ ಇಲ್ಲ" ಎಂದು ಚಿಕ್ಕವಳು ಬೆರಗಾದಳು.

ಜಗಳ ಹತ್ತಿದ್ದು ಮೂರನೇ ವಾರ. ಐವತ್ತು ಕೆ.ಜಿ. ಪೆಟ್ಟಿಗೆಯನ್ನು ಒಂದೇ ವೇಗದಲ್ಲಿ ಮೇಲೆತ್ತುತ್ತಿದ್ದಾರೆ, ಹಗ್ಗದ ಎಳೆತ ಎಷ್ಟು?

"ನಾನೂರ ತೊಂಬತ್ತು ನ್ಯೂಟನ್" ಎಂದಳು ಸೊಸೆ.

"ಅದಕ್ಕೆ ಕಾಲು ಭಾಗ ಸೇರಿಸು" ಎಂದ ಮೇಸ್ತ್ರಿ.

"ಇಲ್ಲ ಅಪ್ಪ. ಪುಸ್ತಕದ ಹಿಂದೆ ಉತ್ತರ ಇದೆ. ನಾನೂರ ತೊಂಬತ್ತೇ."

"ಪುಸ್ತಕ ಬರೆದೋನು ಭಾರದ ಕೆಳಗೆ ನಿಂತಿದ್ದಾನೇನು? ಆರುನೂರ ಹನ್ನೆರಡೂವರೆ. ಬರಿ."

"ಬರೆದ್ರೆ ತಪ್ಪಾಗುತ್ತೆ!"

"ತಪ್ಪು?" ಮೇಸ್ತ್ರಿಯ ದನಿ ಏರಿತು. "ನನ್ನ ಹಗ್ಗ ಯಾವತ್ತಾದ್ರೂ ಹರಿದಿದೆಯಾ? ಈ ಮನೆ ಅನ್ನ ಆ ಕಾಲು ಭಾಗದಿಂದ ಬಂದಿದೆ ಕಣೇ. ಅದನ್ನ ಬಿಟ್ಟು ಬರೆಯೋ ಲೆಕ್ಕ ಈ ಮನೇಲಿ ಲೆಕ್ಕ ಅಲ್ಲ."

ಸೊಸೆ ಪೆನ್ನು ಕೆಳಗಿಟ್ಟಳು. ಮಗ ಚಾಕು ಕೆಳಗಿಟ್ಟ. "ಅಪ್ಪ, ಪರೀಕ್ಷೆ ಬರೆಯೋಳು ಅವಳು" ಎಂದ.

"ಹೆಸರು ನನ್ನದು" ಎಂದ ಮೇಸ್ತ್ರಿ, ಕಡ್ಡಿ ತುಂಡು ಮಾಡಿದ ಹಾಗೆ.

ಆ ರಾತ್ರಿ ಅವನು ಉಣ್ಣಲಿಲ್ಲ. ಮರುದಿನವೂ ಇಲ್ಲ. ಬೀದಿ ತುದಿಯ ಚಹಾದಂಗಡಿಯಲ್ಲಿ ಬನ್ನು ತಿಂದು ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಎಲ್ಲರಿಗೂ ಕಾಣುವ ಹಾಗೆ ಬಾಯಿ ಒರೆಸಿಕೊಳ್ಳುತ್ತಿದ್ದ. ಮೂರನೇ ದಿನ ಅತ್ತೆ ಸೊಸೆಯನ್ನು ನೀರಿನ ತೊಟ್ಟಿಯ ಹತ್ತಿರ ನಿಲ್ಲಿಸಿಕೊಂಡಳು.

"ಹೂಂ ಅಂದುಬಿಡೇ ತಾಯಿ. ಮುದುಕನ ಹೊಟ್ಟೆ ಬನ್ನಿಗೆ ಒಗ್ಗಲ್ಲ, ನಾಳೆ ಮಲಗಿಬಿಟ್ಟರೆ ನೋಡಿಕೊಳ್ಳೋರು ಯಾರು? ಬಾಯಲ್ಲಿ ಹೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಸೊಸೆ ಕೊಡ ತುಂಬಿದಳು. ಆಮೇಲೆ ಅದನ್ನು ಸೊಂಟಕ್ಕೇರಿಸಿಕೊಂಡು ಜಗಲಿಗೆ ಬಂದಳು.

"ಊಟಕ್ಕೆ ಬನ್ನಿ ಮಾವ. ಸೇರಿಸ್ತೀನಿ."

"ಎಲ್ಲದಕ್ಕೂ?"

"ಹಗ್ಗ ಇರೋದಕ್ಕೆಲ್ಲಾ."

"ಮಾತು?"

"ಮಾತು."

ಮೇಸ್ತ್ರಿ ಅಂದು ಎರಡು ಸಲ ಅನ್ನ ಹಾಕಿಸಿಕೊಂಡ. ಪರೀಕ್ಷೆಯ ಬೆಳಗ್ಗೆ ಅವಳು ನಿಂತುಕೊಂಡೇ ಚಹಾ ಕುಡಿಯುವಾಗ, "ಮಾತು ನೆನಪಿದೆ ತಾನೆ?" ಎಂದು ಕೇಳಿದ. "ಇದೆ ಮಾವ" ಎಂದಳು. ಚಿಕ್ಕವಳು ಅತ್ತಿಗೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಸೊಸೆ ಲೋಟ ಕೆಳಗಿಟ್ಟು ಬಸ್ಸಿಗೆ ಹೊರಟಳು.

ಗಾಳಿ ನಿಂತಿತು. ಫಲಿತಾಂಶ ಬರುವವರೆಗೆ ಮಿಲ್ಲಿನವರೂ ಒಪ್ಪಿದ್ದರಿಂದ ಕೆಲಸ ಮತ್ತೆ ಶುರುವಾಯಿತು. ಮೂರು ವಾರಕ್ಕೆ ಫಲಿತಾಂಶ ಬಂತು. ಚಿಕ್ಕವಳು ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಬಂದು ನಿಂತಳು.

"ಎರಡನೇ ಪತ್ರಿಕೆ ಪಾಸು, ಎಂಬತ್ತೊಂದು. ಮೊದಲನೇದು..." ಅವಳು ಅತ್ತಿಗೆಯ ಮುಖ ನೋಡಲಿಲ್ಲ. "ನಲವತ್ತಾರು. ಐವತ್ತು ಬೇಕಿತ್ತು."

ಸೊಸೆ ಒಲೆ ಸಣ್ಣ ಮಾಡಿದಳು. "ಚಪಾತಿ ತೆಗೀ, ಸೀಯುತ್ತೆ" ಎಂದು ಗಂಡನಿಗೆ ಹೇಳಿದಳು. ಅವನು ತೆಗೆಯಲಿಲ್ಲ. ಅದು ಸೀದೇಹೋಯಿತು.

ಮುಂದಿನ ತಿಂಗಳು ಮಿಲ್ಲಿನ ಕೆಲಸ ಕುಳ್ಳನಿಗೆ ಹೋಯಿತು. ಕುಳ್ಳ ಒಂದು ಕಾಲದಲ್ಲಿ ಮೇಸ್ತ್ರಿಯ ಕೈಕೆಳಗೇ ಗಂಟು ಹಾಕುವುದನ್ನು ಕಲಿತವನು. ಅವನ ತಮ್ಮ ಪರೀಕ್ಷೆ ಪಾಸಾಗಿದ್ದ. ಕುಳ್ಳ ಒಳ್ಳೆಯವನೇ, ಮನೆಗೆ ಬಂದು, ಕೂರದೆ ನಿಂತುಕೊಂಡೇ ಹೇಳಿದ: "ಗುರುಗಳೇ, ಕೆಲಸ ಬೇರೆ ಬೇರೆ ಯಾಕೆ? ನಿಮ್ಮೋರೂ ಬರ್ಲಿ. ದಿನಗೂಲಿ ಕೊಡ್ತೀನಿ. ಅಕ್ಕ ಕೈ ತೋರಿಸ್ತಾಳೆ. ನನ್ನ ತಮ್ಮನಿಗೆ ಸರ್ಟಿಫಿಕೇಟು ಇದೆ, ಆದ್ರೆ ಅವನ ಕೈ ನೋಡಿದ್ರೆ ನೊಣ ಓಡಿಸ್ತಿದಾನೋ ಏನೋ ಅನ್ಸುತ್ತೆ."

ಯಾರೂ ನಗಲಿಲ್ಲ. ಮೇಸ್ತ್ರಿ, ಮಗ, ಸೊಸೆ ಮೂವರೂ ಹೋದರು. ಮೇಸ್ತ್ರಿಗೆ ಬಾಲದ ಹಗ್ಗ ಹಿಡಿಯುವ ಕೆಲಸ ಸಿಕ್ಕಿತು. ಭಾರ ಓಲಾಡದಂತೆ ಹಿಂದೆ ನಿಂತು ಹಿಡಿದುಕೊಳ್ಳುವುದು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ.

ಬರೆದ ಪತ್ರಿಕೆಯನ್ನು ಅರ್ಜಿ ಹಾಕಿ ನೋಡಬಹುದೆಂದು ಚಿಕ್ಕವಳು ಪತ್ತೆಮಾಡಿದಳು. ಪರೀಕ್ಷಕರು ಎಲ್ಲೋ ತಪ್ಪು ಮಾಡಿರಬೇಕು ಎಂದು ಮೇಸ್ತ್ರಿ ಊರೆಲ್ಲ ಹೇಳಿಕೊಂಡು ಬಂದಿದ್ದ. ಹಾಗಾಗಿ ಸೊಸೆಯ ಜೊತೆ ಅವನೂ ಹೊರಟ. ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಆಫೀಸಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಕಟ್ಟು ಬಿಚ್ಚಿ ಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದಳು. ಅವಳೇ ಅದನ್ನು ತಿದ್ದಿದವಳಂತೆ.

"ನಿಮ್ಮನ್ನ ನೋಡಬೇಕು ಅಂದ್ಕೊಂಡಿದ್ದೆ" ಎಂದಳು ಸೊಸೆಗೆ. "ಹತ್ತು ಲೆಕ್ಕ. ಎಂಟರಲ್ಲಿ ಹಗ್ಗ ಇದೆ. ಎಂಟರಲ್ಲೂ ನೀವು ಹಾಕಿರೋ ಬಾಣ ಸರಿ, ಸಮೀಕರಣ ಸರಿ, ಗುಣಾಕಾರ ಸರಿ. ಕೊನೇ ಸಾಲಿಗೆ ಬಂದಾಗ ಒಂದೂಕಾಲರಿಂದ ಗುಣಿಸಿದ್ದೀರಿ. ಯಾಕಮ್ಮ?"

ಸೊಸೆ ಹಾಳೆಯ ಅಂಚು ನೇರ ಮಾಡಿದಳು.

"ಅದು ಹಗ್ಗಕ್ಕೆ" ಎಂದ ಮೇಸ್ತ್ರಿ. "ಹಗ್ಗ ಹರೀಬಾರದು ಅಂತ."

"ಅಜ್ಜ, ಅದನ್ನ ಎರಡನೇ ಪತ್ರಿಕೇಲಿ ಕೇಳಿದ್ದೀವಿ. ಅಲ್ಲಿ ಇವರು ಚೆನ್ನಾಗೇ ಬರೆದಿದ್ದಾರೆ. ಇಲ್ಲಿ ಕೇಳಿರೋದು ಹಗ್ಗದ ಮೇಲೆ ಎಳೆತ ಎಷ್ಟಿದೆ ಅಂತ. ಎಷ್ಟು ತಡೆಯೋ ಹಗ್ಗ ತರಬೇಕು ಅಂತ ಅಲ್ಲ. ಇರೋದು ಬೇರೆ, ಇರಬೇಕಾದ್ದು ಬೇರೆ."

"ದಾರಿ ಸರಿ ಇದ್ರೆ ಅಂಕ ಕೊಡಬೇಕಲ್ವಾ?" ಎಂದ ಮೇಸ್ತ್ರಿ.

"ಕೊಟ್ಟಿದ್ದೀನಲ್ಲ. ದಾರಿಗೆ ಐದು, ಉತ್ತರಕ್ಕೆ ಐದು. ಎಂಟು ಲೆಕ್ಕಕ್ಕೆ ನಲವತ್ತು ಅಲ್ಲಿಂದಲೇ ಬಂದಿದೆ. ಉಳಿದೆರಡಕ್ಕೆ ಆರು." ಅವಳು ಹಾಳೆ ತಿರುವಿದಳು. "ಒಂದೇ ಒಂದು ಲೆಕ್ಕದಲ್ಲಿ ಆ ಕೊನೇ ಸಾಲು ಬಿಟ್ಟಿದ್ರೂ ಐವತ್ತೊಂದು ಆಗ್ತಿತ್ತು. ಪಾಸು."

ಮೇಸ್ತ್ರಿ ಹಾಳೆಗಳನ್ನು ನೋಡಿದ. ಅವಳ ದುಂಡು ಅಕ್ಷರ, ನೇರ ಬಾಣಗಳು. ಪ್ರತಿ ಲೆಕ್ಕದಲ್ಲೂ ಮೊದಲು ಒಂದು ಉತ್ತರ ಬರೆದು, ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಕಾಲು ಭಾಗ ಸೇರಿಸಿ ಇನ್ನೊಂದನ್ನು ಬರೆದು ಅದಕ್ಕೆ ಎರಡು ಗೆರೆ ಎಳೆದಿದ್ದಳು. ಎಂಟೂ ಕಡೆ ಹಾಗೆಯೇ. ಕೆಂಪು ಶಾಯಿ ಎರಡನೆಯದನ್ನು ಹೊಡೆದು ಹಾಕಿತ್ತು.

"ಅದನ್ನ ನಾನು ಹೇಳಿದ್ದು" ಎಂದ ಅವನು, ಆ ಹೆಂಗಸಿಗೆ. "ನಾನೇ ಮಾತು ತಗೊಂಡಿದ್ದೆ."

"ಪರೀಕ್ಷೆ ಬರೆದೋರು ನೀವಲ್ಲವಲ್ಲ ಅಜ್ಜ" ಎಂದು ಅವಳು ಮೆಲ್ಲಗೆ ಹೇಳಿ ಹಾಳೆಗಳನ್ನು ಜೋಡಿಸಿಕೊಂಡಳು.

ವಾಪಸು ಬಸ್ಸಿಗೆ ಕಾಯುವಾಗ ಅವನು ಕೇಳಿದ: "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ. ಮೊದಲ ಲೆಕ್ಕ ಬರೆಯುವಾಗ ಸೇರಿಸಬಾರದು ಅಂತಲೇ ಇತ್ತು. ಆಮೇಲೆ ಅನ್ನಿಸ್ತು, ಹನ್ನೊಂದು ವರ್ಷ ನಿಮ್ಮ ಲೆಕ್ಕ ನಂಬಿ ಭಾರದ ಎದುರಿಗೆ ನಿಂತಿದ್ದೀನಿ. ಇವತ್ತೊಂದು ದಿನ ನಂಬದೇ ಹೇಗಿರೋದು."

ಬಸ್ಸು ಬಂತು. ಅವನಿಗೆ ಹೇಳಲು ಒಂದು ಮಾತಿತ್ತು. ಹತ್ತುವ ನೂಕುನುಗ್ಗಲಿನಲ್ಲಿ ಅದು ಉಳಿದುಹೋಯಿತು. ಮನೆಗೆ ಬಂದ ಮೇಲೆ, ಎಲ್ಲರೂ ಏನಾಯಿತೆಂದು ಕೇಳಿದಾಗ, ಸೊಸೆಯೇ "ಲೆಕ್ಕ ತಪ್ಪಾಗಿತ್ತು" ಎಂದಳು. ಮೇಸ್ತ್ರಿ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ.

ಆಮೇಲೆ ಊಟದ ಮೇಜಿನ ಮೇಲೆ ಪುಸ್ತಕ ಕಾಣಲಿಲ್ಲ. ಸಂಜೆ ಐದಕ್ಕೆ ಸೊಸೆ ಒಲೆಯ ಮುಂದೆ, ಅತ್ತೆ ಜಗಲಿಯ ಮೇಲೆ. ಅನ್ನ ತಳ ಹಿಡಿಯಲಿಲ್ಲ, ಈರುಳ್ಳಿ ಒಂದೇ ಸಮ ಇತ್ತು. ಊಟ ರುಚಿಯಾಗಿತ್ತು. ಮಾತು ಕಡಿಮೆಯಾಗಿತ್ತು. ಮೇಸ್ತ್ರಿ ಒಂದೆರಡು ಸಲ ಹಳೆಯ ತಮಾಷೆ ಎತ್ತಿದ: "ಆ ತೂಕ ಇಲ್ಲದ ಹಗ್ಗ ಸಿಕ್ಕಿತೇನೇ?" ಸೊಸೆ ಮುಗುಳ್ನಕ್ಕು ಅನ್ನ ಬಡಿಸಿದಳು. ಅಷ್ಟೇ.

ಒಂದು ಭಾನುವಾರ ಅವನು ಚಿಕ್ಕವಳನ್ನು ಹಿತ್ತಿಲಿಗೆ ಕರೆದ.

"ನಂಗೆ ಒಂದು ಲೆಕ್ಕ ಹೇಳಿಕೊಡು. ಹಗ್ಗದ್ದು. ನಿಮ್ಮಮ್ಮನಿಗೆ ಹೇಳಬೇಡ."

"ಯಾಕಪ್ಪ? ಪರೀಕ್ಷೆ ಕಟ್ತೀಯಾ?"

"ಬಾಯಿ ಮುಚ್ಚಿಕೊಂಡು ಹೇಳಿಕೊಡೇ."

ಚಿಕ್ಕವಳು ಆರಿಸಿದ್ದು ಒಂದು ರಾಟೆ, ಎರಡು ತೂಕದ ಲೆಕ್ಕ. ಹಗ್ಗದ ಒಂದು ತುದಿಗೆ ಆರು ಕೆ.ಜಿ., ಇನ್ನೊಂದು ತುದಿಗೆ ನಾಲ್ಕು. ಆರು ಕೆಳಗಿಳಿಯುತ್ತದೆ, ನಾಲ್ಕು ಮೇಲೇರುತ್ತದೆ. ಹಗ್ಗದ ಎಳೆತ ಎಷ್ಟು? ಮೇಸ್ತ್ರಿಗೆ ಬಾಣ ಹಾಕುವುದಕ್ಕೇ ಎರಡು ಭಾನುವಾರ ಹಿಡಿಯಿತು. ಅವನ ಅಂಕಿಗಳು ಇಟ್ಟಿಗೆ ಜೋಡಿಸಿದ ಹಾಗೆ ದಪ್ಪಗಿದ್ದವು. ಭಾಗಾಕಾರ ಮರೆತೇಹೋಗಿತ್ತು, ಅದನ್ನು ಮತ್ತೆ ಕಲಿಯಲು ಇನ್ನೊಂದು ವಾರ ದಿನಾ ಸಂಜೆ ಹಿತ್ತಿಲಲ್ಲಿ ಕೂತ. ನಾಲ್ಕನೇ ಭಾನುವಾರ ಉತ್ತರ ಬಂತು: ನಲವತ್ತೇಳು, ಚಿಲ್ಲರೆ.

"ಸರಿ" ಎಂದಳು ಚಿಕ್ಕವಳು. "ಈಗ ನಿನ್ನ ಕಾಲು ಭಾಗ ಸೇರಿಸು ನೋಡೋಣ."

ಸೇರಿಸಿದ. ಐವತ್ತೆಂಟು ಪಾಯಿಂಟ್ ಎಂಟು.

"ಆರು ಕೆ.ಜಿ. ಕೆಳಕ್ಕೆ ಜಗ್ಗೋದು ಎಷ್ಟು?"

ಗುಣಿಸಿದ. ಆರು ಗುಣಿಸು ಒಂಬತ್ತು ಪಾಯಿಂಟ್ ಎಂಟು. ಐವತ್ತೆಂಟು ಪಾಯಿಂಟ್ ಎಂಟು.

"ಈಗ ಹೇಳು. ಕೆಳಕ್ಕೆ ಎಷ್ಟೋ ಮೇಲಕ್ಕೂ ಅಷ್ಟೇ. ನಿನ್ನ ಉತ್ತರದ ಪ್ರಕಾರ ಕೈಬಿಟ್ಟರೂ ಆರು ಕೆ.ಜಿ. ಇಳಿಯೋದೇ ಇಲ್ಲ ಅಪ್ಪ. ನಿಂತಲ್ಲೇ ನಿಂತಿರುತ್ತೆ."

ಅವನು ಎದ್ದು ಹೋಗಿ ಚಿಕ್ಕ ರಾಟೆ ತಂದ. ನುಗ್ಗೆ ಮರದ ಕೊಂಬೆಗೆ ಕಟ್ಟಿದ. ಒಂದು ತುದಿಗೆ ಆರು ಕೆ.ಜಿ. ಕಲ್ಲು ತುಂಬಿದ ಚೀಲ, ಇನ್ನೊಂದು ತುದಿಗೆ ನಾಲ್ಕರದು. ಕೈಬಿಟ್ಟ. ಆರರ ಚೀಲ ಅವಸರವಿಲ್ಲದೆ ಕೆಳಗಿಳಿದು ನೆಲ ಮುಟ್ಟಿತು. ಮತ್ತೆ ಎತ್ತಿ ಬಿಟ್ಟ. ಮತ್ತೆ ಇಳಿಯಿತು. ಚಿಕ್ಕವಳು ಬೇಸತ್ತು ಒಳಗೆ ಹೋದಳು. ಮೇಸ್ತ್ರಿ ಇನ್ನೂ ಎತ್ತಿ ಎತ್ತಿ ಬಿಡುತ್ತಲೇ ಇದ್ದ.

ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವನು ಹಾಳೆ ಮಡಿಸಿಕೊಂಡು ಅಡುಗೆಮನೆಗೆ ಹೋದ. ಸೊಸೆ ಮೂರು ಡಬ್ಬಿಗಳಿಗೆ ಊಟ ತುಂಬುತ್ತಿದ್ದಳು. ಹಾಳೆಯನ್ನು ಡಬ್ಬಿಗಳ ಪಕ್ಕದಲ್ಲಿ ಇಟ್ಟ.

"ಇದು ಸರಿಯಿದೆಯಾ ನೋಡು."

ಅವಳು ಕೈ ಒರೆಸಿಕೊಂಡು ಬಿಡಿಸಿದಳು. ಮೊದಲ ಸಾಲಿನಿಂದ ಕೊನೆಯವರೆಗೆ ಕಣ್ಣು ಓಡಿಸಿದಳು. ಎಡಗೈ ಬೆರಳು ಸ್ವಲ್ಪ ಎದ್ದು ಇಳಿದವು.

"ಸರಿಯಿದೆ ಮಾವ. ಯಾರು ಮಾಡಿದ್ದು?"

"ನಾನು."

ಅವಳು ಅವನ ಮುಖ ನೋಡಿದಳು, ಮತ್ತೆ ಹಾಳೆ ನೋಡಿದಳು. "ಕಾಲು ಭಾಗ ಸೇರಿಸಿಲ್ಲ."

"ಇಲ್ಲ" ಎಂದ ಮೇಸ್ತ್ರಿ. "ಮುಂದಿನ ಪರೀಕ್ಷೆ ಬರುತ್ತಲ್ಲ. ಕಟ್ಟು. ಸಂಜೆ ಅಡುಗೆ ನಾನು ನೋಡ್ಕೋತೀನಿ. ನಿಮ್ಮತ್ತೆಗಿಂತ ಕೆಟ್ಟದಾಗೇನೂ ಮಾಡಲ್ಲ. ಫಾರಂ ಯಾವಾಗ ಕೊಡ್ತಾರೆ?"

ಸೊಸೆ ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಿಸಿದಳು.

"ಕೊಟ್ಟಾಯ್ತು ಮಾವ. ಹೋದ ಶುಕ್ರವಾರ ಕೊನೇ ದಿನ ಆಗಿತ್ತು."

"ನೀನು ಕಟ್ಟಲಿಲ್ವಾ?"

"ತಂದಿಟ್ಟಿದ್ದೆ. ನೀವೊಂದು ಮಾತು ಕಟ್ಟು ಅಂತೀರೇನೋ ಅಂತ ಸಂಜೆ ಐದರವರೆಗೂ ನೋಡಿದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ; ಯಾವ ಹಗ್ಗ ಎಲ್ಲಿದೆ ಎಂದು ಹೇಳುವ ದನಿ ಅದು. "ನೀವು ಹಿತ್ತಿಲಲ್ಲಿದ್ರಿ."

"ಕರೀಬಹುದಿತ್ತಲ್ಲ."

"ಹೂಂ" ಎಂದಳು ಸೊಸೆ. "ಕರೀಬಹುದಿತ್ತು."

ಹೊರಗೆ ಮಗ ಸೈಕಲ್ಲಿನ ಗಂಟೆ ಬಾರಿಸಿದ. ಹೊತ್ತಾಯಿತು, ಕುಳ್ಳ ಕಾಯುತ್ತಿರುತ್ತಾನೆ. ಸೊಸೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಬಿಗಿ ಮಾಡಿ, ಅವನದನ್ನು ಅವನ ಕೈಗೆ ಕೊಟ್ಟಳು. ಮೇಸ್ತ್ರಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಡಬ್ಬಿಯ ತಳ ಇನ್ನೂ ಬಿಸಿಯಿತ್ತು.

"ಇನ್ನಾರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆಯಲ್ಲ" ಎಂದ.

"ಮಿಲ್ಲಿನೋರು ಶನಿವಾರ ಕುಳ್ಳನ ಜೊತೆ ಮೂರು ವರ್ಷಕ್ಕೆ ಕರಾರು ಬರೆದುಕೊಂಡಿದ್ದಾರಂತೆ ಮಾವ" ಎಂದು ಹೇಳಿ ಅವಳು ಚಪ್ಪಲಿ ಹಾಕಿಕೊಳ್ಳಲು ಬಾಗಿದಳು.